ಸಾಣೆಕಲ್ಲಿನ ಮೇಲಿನ ಮಾತ್ರೆ

ನಮ್ಮ ಮನೆತನದವರಿಗೆ ಔಷಧಿ ನುಂಗುವುದಕ್ಕಿಂತ ಹಚ್ಚುವುದರ ಮೇಲೆ ನಂಬಿಕೆ ಹೆಚ್ಚು. ತಲೆನೋವಾದರೆ ಹಣೆಗೆ ಶುಂಠಿ, ಹೊಟ್ಟೆನೋವಾದರೆ ಹೊಕ್ಕುಳಿಗೆ ಇಂಗು, ಕೆಮ್ಮಾದರೆ ಎದೆಗೆ ಬಿಸಿ ಎಣ್ಣೆ. ನುಂಗಿದ್ದು ಒಳಗೆ ಎಲ್ಲಿಗೆ ಹೋಗುತ್ತದೋ ಕಂಡವರು ಯಾರು, ಹಚ್ಚಿದ್ದಾದರೆ ಹಚ್ಚಿದಲ್ಲೇ ಇರುತ್ತದೆ ಎಂಬುದು ಸಿರಿಗೇರಿಯ ನಮ್ಮಜ್ಜಿಯ ವಾದವಾಗಿತ್ತು. ಇಂಥ ಮನೆಯಲ್ಲಿ ಹುಟ್ಟಿದ ನಾನು ಇಪ್ಪತ್ತಾರು ವರ್ಷದಿಂದ ಬಳ್ಳಾರಿಯ ಗಾಂಧಿನಗರದ ಒಂದು ಆಸ್ಪತ್ರೆಯ ಔಷಧಿ ಕೌಂಟರಿನ ಹಿಂದೆ ನಿಂತು, ಊಟಕ್ಕೆ ಮುಂಚೆ ಯಾವುದು, ಊಟವಾದ ಮೇಲೆ ಯಾವುದು ಎಂದು ಜನರಿಗೆ ನುಂಗುವುದನ್ನೇ ಹೇಳಿಕೊಟ್ಟು ಹೊಟ್ಟೆ ಹೊರೆದುಕೊಂಡಿದ್ದೇನೆ. ಜನ ನನ್ನನ್ನು ಮಾತ್ರಿ ಮಾಸ್ತರ ಅನ್ನುತ್ತಾರೆ. ಮಾತ್ರೆ ಕೊಟ್ಟು ಸುಮ್ಮನಿರದೆ ಪಾಠವನ್ನೂ ಮಾಡುತ್ತೇನೆ, ಅದಕ್ಕೆ.

ಅಜ್ಜಿಯ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು. ಡಬ್ಬಿಯೊಳಗೆ ಅರಳೆ, ಅರಳೆಯೊಳಗೆ ಕಪ್ಪಗೆ, ಮೆತ್ತಗೆ, ಹಳೇ ಹುಣಸೆಹಣ್ಣಿನ ಹಾಗೆ ಕಾಣುವ ಒಂದು ಸಣ್ಣ ಚೂರು. ಅದು ಅಫೀಮು. ಅವಳ ಮಾವನ ಕಾಲದಿಂದ ಬಂದದ್ದಂತೆ. ಯಾರಿಗಾದರೂ ಕಾಲು ಉಳುಕಿ ಬಾತುಕೊಂಡರೆ, ಎತ್ತು ಒದ್ದು ಕೀಲು ಊದಿಕೊಂಡರೆ ಆ ಡಬ್ಬಿ ಕೆಳಗಿಳಿಯುತ್ತಿತ್ತು. ಗಂಧ ತೇಯುವ ಸಾಣೆಕಲ್ಲಿನ ಮೇಲೆ ಶುಂಠಿ ರಸ ಹಿಂಡಿ, ಸಾಸಿವೆ ಕಾಳಿನಷ್ಟು ಅಫೀಮು ಹಾಕಿ ತೇಯ್ದು, ಬಾತ ಜಾಗಕ್ಕೆ ಬಳಿದು, ಮೇಲೆ ಬಿಸಿ ಮಾಡಿದ ಎಕ್ಕದ ಎಲೆ ಇಟ್ಟು ಅರಿವೆ ಕಟ್ಟುತ್ತಿದ್ದಳು. ಆಮೇಲೆ ಒಂದೇ ಕಟ್ಟಳೆ: ಲೇಪ ಒಣಗುವ ತನಕ ಕಾಲು ಅಲುಗಬಾರದು.

ನನಗೆ ಒಂಬತ್ತು ವರ್ಷವಿದ್ದಾಗ ಭತ್ತದ ಹುಲ್ಲು ಹೇರಿದ ಬಂಡಿಯ ಮೇಲಿಂದ ಜಿಗಿದು ಮೊಣಕಾಲು ಕೆಡಿಸಿಕೊಂಡೆ. ಅಜ್ಜಿ ಲೇಪ ಹಚ್ಚಿದಳು. ಒಂಬತ್ತು ವರ್ಷದ ಹುಡುಗನ ಕಾಲನ್ನು ಅಲುಗದಂತೆ ಇಡುವುದು ಹುಡುಗಾಟವೆ? ಆ ಕೆಲಸ ಅಕ್ಕನ ಪಾಲಿಗೆ ಬಂತು. ನನಗಿಂತ ಐದು ವರ್ಷ ದೊಡ್ಡವಳು. ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಹಿಡಿದು, ಬಾಯಿಗೆ ಬಂದ ಸುಳ್ಳು ಕತೆಗಳನ್ನೆಲ್ಲ ಹೇಳುತ್ತ ಕುಳಿತಳು. ನೀರಿಗೆ ಹೋಗು ಎಂದು ಅವ್ವ ಅಕ್ಕನನ್ನು ಕೂಗಿದಾಗ ಅಜ್ಜಿಯೇ ಗದರಿದಳು: “ಲೇಪ ಹಸಿ ಐತಿ, ಯಾರೂ ಕರೀಬ್ಯಾಡ್ರಿ.” ನಾಲ್ಕನೇ ದಿನಕ್ಕೆ ನಾನು ಓಡಾಡುತ್ತಿದ್ದೆ.

ಮುಂದೆ ಔಷಧಿಶಾಸ್ತ್ರ ಓದಿದೆ. ಓದಿದ ಮೇಲೆ ಅಜ್ಜಿಯ ವೈದ್ಯ ಎಷ್ಟು ಸುಳ್ಳೆಂದು ತೋರಿಸುವ ಚಪಲ ಹತ್ತಿತು. ಅಫೀಮಿನ ಜಾತಿಯ ಔಷಧಿಗಳು ತಲೆ ಮತ್ತು ಬೆನ್ನುಹುರಿಯಲ್ಲಿ ಕೆಲಸ ಮಾಡುತ್ತವೆ, ನೋವಿನ ಸುದ್ದಿಯನ್ನು ಅಲ್ಲೇ ತಡೆಯುತ್ತವೆ, ಊತವನ್ನು ಅವು ಮುಟ್ಟುವುದೇ ಇಲ್ಲ, ಊತ ಇಳಿಸುವ ಮಾತ್ರೆಗಳ ಕುಲವೇ ಬೇರೆ ಎಂದು ಮದುವೆ ಮುಂಜಿಗಳಲ್ಲಿ, ಪಂಕ್ತಿಯಲ್ಲಿ ಕುಳಿತಲ್ಲಿ ಸಾರುತ್ತಿದ್ದೆ. ನೋವಿನ ಇಲಾಖೆ ಬೇರೆ, ಬಾವಿನ ಇಲಾಖೆ ಬೇರೆ, ಒಂದರ ಅರ್ಜಿಯನ್ನು ಇನ್ನೊಂದು ತಗೊಳ್ಳುವುದಿಲ್ಲ ಎನ್ನುವುದು ನನ್ನ ಪ್ರಸಿದ್ಧ ಮಾತು. ಅಜ್ಜಿ ಇದನ್ನು ಒಮ್ಮೆ ಪೂರ್ತಿ ಕೇಳಿಸಿಕೊಂಡು, “ಆತು ಬಿಡಪ್ಪ, ನೀ ಸಾಲಿ ಕಲ್ತಾಂವ. ನಿನ್ನ ಮೊಣಕಾಲು ಸಾಲಿ ಕಲ್ತಿದ್ದಿಲ್ಲ, ಅದಕ್ಕ ನನ್ನ ಮಾತು ಕೇಳ್ತು” ಅಂದಿದ್ದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂದಿತ್ತು.

ಹೋದ ವರ್ಷ ಅಕ್ಕನ ಬಲ ಮೊಣಕಾಲು ಬಾತುಕೊಂಡಿತು. ಅಕ್ಕನನ್ನು ಕೊಟ್ಟಿರುವುದು ಕುರುಗೋಡಿಗೆ. ಅವಳ ಗಂಡ, ನಾನು ಮಾವ ಎನ್ನುವವರು, ಮೆಣಸಿನಕಾಯಿ ಬೆಳೆಯುತ್ತಾರೆ. ಅಕ್ಕ ಹೊಲಕ್ಕೂ ಹೋಗುತ್ತಾಳೆ, ಎಮ್ಮೆಯನ್ನೂ ನೋಡುತ್ತಾಳೆ, ಎರಡು ಹೊತ್ತು ಜೋಳದ ರೊಟ್ಟಿಯನ್ನೂ ಬಡಿಯುತ್ತಾಳೆ. ಕೂಡು ಎಂದರೆ, “ಕುಂತ್ರ ಕೆಲಸ ಬಂದು ಬಾಜೂಕ ಕುಂದರತೈತಿ” ಅನ್ನುತ್ತಾಳೆ. ಬಾತ ಕಾಲನ್ನು ಎಳೆದುಕೊಂಡು ಒಂದು ತಿಂಗಳು ಓಡಾಡಿ, ಕೊನೆಗೆ ಚಿಪ್ಪೇ ಕಾಣದಂತಾದ ಮೇಲೆ ಬಳ್ಳಾರಿಗೆ ಬಂದಳು.

ನಮ್ಮ ಆಸ್ಪತ್ರೆಯ ಡಾಕ್ಟರು ಸಿರುಗುಪ್ಪ ಕಡೆಯ ಹೆಣ್ಣುಮಗಳು, ಮನೆಮಾತು ತೆಲುಗು. ಯಾರ ಮುಖ ನೋಡಿದರೂ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಅವರಿಗೆ ತಿಳಿಯುತ್ತದೆ. ಅಕ್ಕನ ವಿಷಯದಲ್ಲಿ ಮಾತ್ರ ತಪ್ಪಿದರು. “ನೊಪ್ಪಿ ಎಲಾ ಉಂದಮ್ಮಾ?” ಎಂದು ನೋವಿನ ಬಗ್ಗೆ ಕೇಳಿದರು. ಅಕ್ಕ ಕನ್ನಡದಲ್ಲೇ, “ನೋವು ಇರ್ಲಿ ಬಿಡ್ರಿ, ಅದನ್ನ ತಡ್ಕೋತೀನಿ. ಬಾವು ಇಳಿಸ್ರಿ” ಅಂದಳು.

ಅವಳ ಅವಸರಕ್ಕೆ ಕಾರಣವಿತ್ತು. ಸಿರುಗುಪ್ಪಕ್ಕೆ ಕೊಟ್ಟ ಅವಳ ಮಗಳು ಮದುವೆಯಾದ ಒಂಬತ್ತು ವರ್ಷಕ್ಕೆ ಬಸುರಿಯಾಗಿದ್ದಳು. ಅಂದಿನಿಂದ ಐದು ವಾರಕ್ಕೆ ಕುಬಸ, ಅಂದರೆ ಸೀಮಂತ. ತವರಿನವರು ಹಸಿರು ಸೀರೆ, ಕುಬಸ ಒಯ್ದು ಬಸುರಿಗೆ ಉಡಿ ತುಂಬುವ ಕಾರ್ಯ ಅದು. ನಮ್ಮಲ್ಲಿ ತಾಯಿ ನೆಲದ ಮೇಲೆ ಮಗಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತೇ ಉಡಿ ತುಂಬಬೇಕು. ನಿಂತು ತುಂಬುವವರು ಅತ್ತೆಯ ಮನೆಯವರು, ಕುಳಿತು ತುಂಬುವವಳು ಹೆತ್ತವಳು. ಅಕ್ಕನಿಗೆ ಆಗ ಕುರ್ಚಿಯ ತುದಿಯಲ್ಲಿ ಕೂರುವುದೇ ಕಷ್ಟವಾಗಿತ್ತು.

“ನನಗ ಬ್ಯಾರೇನೂ ಬ್ಯಾಡ್ರಿ ಮೇಡಂ. ಆವತ್ತು ಒಂದ್ ತಾಸು ನೆಲದ ಮ್ಯಾಲ ಕುಂದ್ರಂಗ ಮಾಡ್ರಿ, ಸಾಕು” ಅಂದಳು. ಅಂದವಳೇ ಅತ್ತಳು. ಅಕ್ಕ ಅತ್ತದ್ದನ್ನು ನಾನು ನೋಡಿದ್ದು ಕಡಿಮೆ. ನಾನು ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡುತ್ತ ನಿಂತೆ.

ಡಾಕ್ಟರು ಕಾಲನ್ನು ಒತ್ತಿ, ಮಡಿಸಿ, ರಕ್ತದ ವರದಿಗಳನ್ನು ನೋಡಿದರು. ಕೀಲಿನ ಸವೆತ, ಅದರ ಮೇಲೆ ಉರಿಯೂತ ಅಂದರು. ಊತ ಇಳಿಸುವ ಸಾಮಾನ್ಯ ಮಾತ್ರೆಗಳನ್ನು ಅಕ್ಕನಿಗೆ ಕೊಡುವಂತಿರಲಿಲ್ಲ. ಹತ್ತು ವರ್ಷದ ಬಿ.ಪಿ., ಕಿಡ್ನಿ ಆಗಲೇ ದಣಿದಿತ್ತು. “ಬಾವಿನ ಮಾತ್ರಿ ಕೊಟ್ರ ಕಾಲು ಉಳೀತೈತಿ, ಕಿಡ್ನಿ ಹೋಗ್ತೈತಿ” ಎಂದು ನೋವಿಗೆ ಟ್ರಮಡಾಲ್ ಬರೆದುಕೊಟ್ಟರು. ಕಡಿಮೆ ಪ್ರಮಾಣದ್ದು, ಬೆಳಿಗ್ಗೆ ಒಂದು ಸಂಜೆ ಒಂದು, ಹದಿನಾಲ್ಕು ದಿನಕ್ಕೆ. ಕಾಲಿಗೆ ವಿಶ್ರಾಂತಿ ಕೊಡಿ ಎಂದು ಮೂರು ಸಲ ಹೇಳಿದರು. ಅಕ್ಕ ಮೂರು ಸಲವೂ ತಲೆಯಾಡಿಸಿದಳು. ಅದು ಒಪ್ಪಿಗೆಯಲ್ಲ, ಮರ್ಯಾದೆ ಎಂದು ನನಗೆ ಗೊತ್ತಿತ್ತು.

ಆ ಮಾತ್ರೆ ಬೀಗದ ಕಪಾಟಿನಲ್ಲಿರುತ್ತದೆ. ನಾನೇ ತೆಗೆದುಕೊಟ್ಟೆ. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದು ಬಾವು ಇಳಿಸ್ತೈತೇನ ತಮ್ಮಾ?”

“ಇಲ್ಲಕ್ಕ. ಇದು ನೋವಿಂದು ಅಷ್ಟ. ಬಾವಿನ ಇಲಾಖೆ ಬ್ಯಾರೆ.”

“ಹಂಗಾರ ನನಗ್ಯಾಕ ಇದು?”

ಇಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವಳ ಮುಖ ಬಾಡಿದ್ದನ್ನು ನೋಡಿ, ಸ್ವಲ್ಪ ಗೆಲುವಾಗಲೆಂದೂ ಸ್ವಲ್ಪ ನನ್ನ ವಿದ್ಯೆ ಕಾಣಲೆಂದೂ ಹೇಳಿದೆ: “ಇದನ್ನ ಸಣ್ಣದು ಅನ್ಕೋಬ್ಯಾಡ. ನಮ್ಮಜ್ಜಿ ಡಬ್ಬ್ಯಾಗ ಇಟ್ಟಿದ್ಲಲ್ಲ ಅಫೀಮು, ಇದು ಅದರ ಬೀಗರ ಪೈಕಿ.” ಅಕ್ಕನ ಮುಖ ಅರಳಿತು. ಮಾತ್ರೆಯ ಹಾಳೆಗಳನ್ನು ಎರಡು ಸಲ ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಮಾತು ಕೆಲಸ ಮಾಡಿತು ಎಂದು ನಾನು ಹಿಗ್ಗಿದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆ ಆಗ ನೆನಪಾಗಲಿಲ್ಲ.

ಒಂಬತ್ತನೇ ದಿನ ಮಾವ ಫೋನು ಮಾಡಿದರು. ಮಾತ್ರೆ ಮುಗಿಯುತ್ತ ಬಂದಿದೆ, ಇನ್ನೊಂದಿಷ್ಟು ಕಳಿಸು ಅಂದರು. ಹದಿನಾಲ್ಕು ದಿನಕ್ಕೆ ಕೊಟ್ಟದ್ದು. ಫೋನು ಅಕ್ಕನಿಗೆ ಕೊಡಿ ಎಂದೆ. ಅಕ್ಕ ಬಹಳ ಖುಷಿಯಲ್ಲಿದ್ದಳು. “ಬಾವು ಇಳಿಯಾಕತ್ತೈತೋ ತಮ್ಮಾ. ಚಲೋ ಮಾತ್ರಿ ಕೊಟ್ಟಿ.”

“ಹೊಟ್ಟಿ ಹೆಂಗೈತಿ?” ಎಂದು ಕೇಳಿದೆ.

“ಹೊಟ್ಟಿಗೇನಾಗೈತಿ? ದಿನಾ ಮುಂಜಾನೆ ಗಡಿಯಾರದಂಗ.”

ಫೋನಿಟ್ಟ ಮೇಲೆ ಲೆಕ್ಕ ಹಾಕಿದೆ. ಈ ಜಾತಿಯ ಮಾತ್ರೆ ನುಂಗಿದವರಲ್ಲಿ ಹೆಚ್ಚಿನವರಿಗೆ ಹೊಟ್ಟೆ ಕಟ್ಟುತ್ತದೆ. ನೋವು ಹೋಗುತ್ತದೋ ಬಿಡುತ್ತದೋ, ಅದು ಮಾತ್ರ ಮೂರನೇ ದಿನಕ್ಕೇ ಹಾಜರು. ಬೇಗ ಬೇಗ ಮಾತ್ರೆ ಮುಗಿಸಿದವಳ ಹೊಟ್ಟೆ ಗಡಿಯಾರದ ಹಾಗೆ ನಡೆಯುತ್ತಿದೆ ಎಂದರೆ ನುಂಗುತ್ತಿರುವವರು ಅವಳಲ್ಲ. ಮತ್ತೆ ಯಾರು? ಮನೆಯಲ್ಲಿ ಇರುವುದು ಇಬ್ಬರೇ. ಮಾವ ಇತ್ತೀಚೆಗೆ ಮಧ್ಯಾಹ್ನ ಮಲಗುತ್ತಾರೆ ಎಂದು ಅಕ್ಕ ಹೇಳಿದ್ದೂ ನೆನಪಾಯಿತು. ಈ ಮಾತ್ರೆ ಕೆಲವರನ್ನು ಹಿಡಿದುಕೊಳ್ಳುತ್ತದೆ. ಒಂದೇ ಚೀಟಿಯ ಮೂರು ಜೆರಾಕ್ಸ್ ಮಾಡಿಸಿಕೊಂಡು ಬೇರೆ ಬೇರೆ ಕೌಂಟರಿಗೆ ಅಲೆಯುವವರನ್ನು ನಾನು ಕಂಡಿದ್ದೇನೆ. ಅವರ ಸಾಲಿನಲ್ಲಿ ಮಾವನನ್ನು ನಿಲ್ಲಿಸಿ ನೋಡಲು ಮನಸ್ಸು ಬರಲಿಲ್ಲ, ಆದರೂ ನಿಲ್ಲಿಸಿದೆ.

ಡಾಕ್ಟರಿಗೆ ಹೇಳಿದರೆ ಮಾತ್ರೆ ನಿಲ್ಲಿಸುತ್ತಾರೆ. ಆಮೇಲೆ ಅಕ್ಕನಿಗೆ ಕೊಡಲು ಬೇರೆ ಏನೂ ಇಲ್ಲ, ಕುಬಸದ ದಿನ ಅವಳು ನೆಲಕ್ಕೆ ಕೂರುವಂತಿಲ್ಲ. ಹೇಳದೆ ಇನ್ನೊಂದು ಹಾಳೆ ಕೊಟ್ಟರೆ ನಾನು ಇಪ್ಪತ್ತಾರು ವರ್ಷ ಬೀಗದ ಕೈ ಇಟ್ಟುಕೊಂಡದ್ದಕ್ಕೆ ಅರ್ಥವಿಲ್ಲ. ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಇದನ್ನೆಲ್ಲ ಹೆಂಡತಿಯ ಮುಂದೆ ತೋಡಿಕೊಂಡೆ. ಅವಳು ಕಾಳು ಹಸನು ಮಾಡುತ್ತಿದ್ದವಳು ತಲೆ ಎತ್ತದೆ, “ಮೊದಲ ಹೋಗಿ ಕಣ್ಣಾರೆ ನೋಡಿ ಬರ್ರಿ, ಆಮ್ಯಾಲ ಪೊಲೀಸ್ ಆಗುವಂತ್ರಿ” ಅಂದಳು.

ಮರುದಿನ ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಿರ್ಚಿ ತಿಂದು ಕುರುಗೋಡಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾವನಿಗೆ ಹೇಳಬೇಕಾದ ಬುದ್ಧಿಮಾತುಗಳನ್ನು ಹೊಂದಿಸಿದೆ. ಮನೆ ಮುಟ್ಟಿದಾಗ ಅವರು ಹಿತ್ತಲ ಕಡೆಯಿಂದ ಏನೋ ಗುನುಗುತ್ತ ಬರುತ್ತಿದ್ದರು. ಕೈಯಲ್ಲಿ ಎಕ್ಕದ ಎಲೆಗಳು. ಆ ಗುನುಗುವಿಕೆಯನ್ನು ಕೇಳಿಯೇ ನನಗೆ ಖಾತ್ರಿಯಾಯಿತು. ಈ ಮಾತ್ರೆ ಹೆಚ್ಚಾದರೆ ಕಣ್ಣಿನ ಪಾಪೆ ಸಣ್ಣದಾಗುತ್ತದೆ.

“ಮಾವ, ಸ್ವಲ್ಪ ಈ ಕಡೆ ತಿರುಗ್ರಿ. ಬೆಳಕಿಗೆ ಬ್ಯಾಡ, ನೆರಳಿಗೆ ಬರ್ರಿ” ಎಂದು ಅವರ ಗದ್ದ ಹಿಡಿದು ಕಣ್ಣಿನೊಳಗೆ ಇಣುಕಿದೆ.

“ಯಾಕಪ್ಪ, ಕಣ್ಣಾಗ ಏನರ ಬಿದ್ದೈತೇನು?”

ಪಾಪೆಗಳು ಎಮ್ಮೆಯ ಕಣ್ಣಿನ ಹಾಗೆ ದೊಡ್ಡದಾಗಿ, ಆರೋಗ್ಯವಾಗಿ ಇದ್ದವು. ನನಗೆ ಆದದ್ದು ಸಮಾಧಾನವೋ ನಿರಾಶೆಯೋ ಈಗ ಹೇಳಲಾರೆ. ಒಳಗೆ ಹೋದೆ.

ಅಕ್ಕ ಹೊರಸಿನ ಮೇಲೆ, ಎರಡು ದಿಂಬಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಹಗಲು ಹೊತ್ತಿನಲ್ಲಿ ಅವಳನ್ನು ಹಾಗೆ ನಾನು ಕಂಡದ್ದೇ ಇಲ್ಲ. ಪಕ್ಕದ ಸ್ಟೂಲಿನ ಮೇಲೆ ಅಜ್ಜಿಯ ಸಾಣೆಕಲ್ಲು. ಅಜ್ಜಿ ಹೋದ ಮೇಲೆ ಅಕ್ಕ ಕೇಳಿ ತಂದುಕೊಂಡಿದ್ದ ಒಂದೇ ವಸ್ತು ಅದು. ಕಲ್ಲಿನ ಮೇಲೆ ಶುಂಠಿಯ ರಸ, ರಸದಲ್ಲಿ ಅರ್ಧ ಕರಗಿದ ನನ್ನ ಬೀಗದ ಕಪಾಟಿನ ಮಾತ್ರೆ. ಅಕ್ಕ ಅದನ್ನು ಬೆರಳಿನಿಂದ ಬಳಿದು ಮೊಣಕಾಲಿಗೆ ಹಚ್ಚುತ್ತಿದ್ದಳು.

“ಅಕ್ಕಾ! ಏನ್ ಮಾಡಾಕತ್ತಿ?”

“ಕಾಣವಲ್ದೇನು? ಔಷಧ ಹಚ್ಚಾಕತ್ತೀನಿ. ಕಡೀದು ಒಂದ ಉಳಿದೈತಿ.”

“ಅದು ಹಚ್ಚೋದಲ್ಲ! ನುಂಗೋದು!”

“ಯಾರಂದ್ರು?”

“ನಾ ಅಂದೀನಿ! ನನ್ನ ಬಾಯಿಲೆ ಹೇಳೀನಿ. ಮುಂಜಾನೆ ಒಂದು, ಸಂಜಿಕ ಒಂದು, ನೀರಿನ ಜೋಡಿ ಅಂತ.”

“ಲೇ, ಅಜ್ಜಿ ಅಫೀಮಿನ ಬೀಗರ ಪೈಕಿ ಅಂತ ಹೇಳ್ದಾಂವ ಯಾರು? ನೀನೋ ನಾನೋ? ಅಫೀಮು ಯಾರರ ನುಂಗ್ತಾರೇನು? ನುಂಗಿದ್ರ ಅಮಲು ಏರ್ತೈತಿ, ಹಚ್ಚಿದ್ರ ಬಾವು ಇಳೀತೈತಿ. ಇಷ್ಟು ತಿಳೀದ ಆಸ್ಪತ್ರ್ಯಾಗ ಹೆಂಗ ಇಟ್ಟಾರ ನಿನ್ನ?”

ನಾನು ಕೂಗಾಡಿದೆ. ಹುಚ್ಚು ಹಿಡಿದಿದೆಯೇ, ಚರ್ಮದ ಮೇಲೆ ಬಳಿದರೆ ಅದು ಒಳಗೆ ಹೋಗುತ್ತದೆಯೇ, ಇಪ್ಪತ್ತೆಂಟು ಮಾತ್ರೆ ಮಣ್ಣುಪಾಲಾಯಿತಲ್ಲ ಎಂದೆ. ದಿನಕ್ಕೆ ಮೂರು ಹೊತ್ತು ಒಂದೊಂದು ತೇಯ್ದು ಹಚ್ಚಿದ್ದಳಂತೆ; ಅಜ್ಜಿ ಮೂರು ಹೊತ್ತು ಹಚ್ಚುತ್ತಿದ್ದಳಲ್ಲ, ಅದಕ್ಕೆ. ಅಕ್ಕ ನನ್ನ ಕೂಗಾಟ ಮುಗಿಯುವವರೆಗೆ ಕಾದು, ಮಾವ ಒಲೆಯ ಕಾವಿಗೆ ಹಿಡಿದು ತಂದುಕೊಟ್ಟ ಎಲೆಯನ್ನು ಮೊಣಕಾಲಿನ ಪಕ್ಕಕ್ಕೆ ಒತ್ತಿಟ್ಟು, “ಅಂಗೈ ಹುಣ್ಣಿಗೆ ಕನ್ನಡಿ ಯಾಕ? ನೀನ ನೋಡು” ಅಂದಳು.

ನೋಡಿದೆ. ಆಸ್ಪತ್ರೆಯಲ್ಲಿ ಕಾಣದೇ ಇದ್ದ ಮೊಣಕಾಲಿನ ಚಿಪ್ಪು ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ಊತ ನಿಜವಾಗಿಯೂ ಇಳಿದಿತ್ತು. ಬಾಗಿಲಲ್ಲಿ ನಿಂತ ಮಾವ, “ನಾನೂ ದಿನಾ ಎಲಿ ತರಾಕತ್ತೀನಿ” ಎಂದು ತಮ್ಮ ಪಾಲಿನ ಕೀರ್ತಿಯನ್ನು ಕೇಳಿ ಪಡೆದರು.

“ನೋವು?” ಎಂದೆ.

ಅಕ್ಕ ಎಲೆಯ ಅಂಚನ್ನು ಸರಿಪಡಿಸಿದಳು. “ನೋವು ಐತಿ. ರಾತ್ರಿ ಹಾಸಿಗ್ಯಾಗ ಮಗ್ಗಲಾ ಹೊಳ್ಳಾಕ ಆಗೂದಿಲ್ಲ. ಬಾವು ಇಳಿದ ಮ್ಯಾಲ ತಾನ ಹೋಗ್ತೈತಿ ಅಂತ ಸುಮ್ನಿದ್ದೆ.”

ಅದನ್ನು ಕೇಳಿ ನನ್ನ ಸಿಟ್ಟು ಇಳಿದುಹೋಯಿತು. ಒಂಬತ್ತು ದಿನ ಇವಳು ಹಲ್ಲು ಕಚ್ಚಿಕೊಂಡು ಮಲಗಿದ್ದಾಳೆ. ನೋವು ಕಳೆಯುವ ಮಾತ್ರೆ ಕೈಯಲ್ಲೇ ಇತ್ತು, ಅದನ್ನು ಕಾಲಿಗೆ ಬಳಿದುಕೊಂಡಿದ್ದಾಳೆ. ಕಾರಣ ನಾನು. ಗುರುತು ಪರಿಚಯವಿಲ್ಲದ ನೂರಾರು ಜನರಿಗೆ ನುಂಗುವ ಬಗೆಯನ್ನು ಬಿಡಿಸಿ ಬಿಡಿಸಿ ಹೇಳುವ ನಾನು, ಸ್ವಂತ ಅಕ್ಕನ ಮುಂದೆ ವಿದ್ಯೆ ಮೆರೆಸುವ ಭರದಲ್ಲಿ ಅಫೀಮಿನ ಬೀಗತನ ಹೇಳಿ ಕಳಿಸಿದ್ದೆ. ನನಗೆ ತುಂಬ ನಾಚಿಕೆಯಾಯಿತು. ಅದನ್ನು ಅಕ್ಕನಿಗೆ ಹೇಳಿಯೂ ಬಿಟ್ಟೆ. “ಆತೇಳು, ರೊಟ್ಟಿ ತಿನ್ನು” ಅಂದಳು.

ಮರುದಿನ ಇಬ್ಬರೂ ಡಾಕ್ಟರ ಮುಂದೆ ಕುಳಿತೆವು. ಅವರು ಮಾತ್ರೆ ನಿಲ್ಲಿಸಿಬಿಡುತ್ತಾರೆಂಬ ಹೆದರಿಕೆ ನನಗಿದ್ದೇ ಇತ್ತು. ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು, ಅವಳದಲ್ಲ ಎಂದೆ. ಡಾಕ್ಟರು ಸಾಣೆಕಲ್ಲಿನ ತನಕ ಗಂಭೀರವಾಗಿ ಕೇಳಿದರು. ಆಮೇಲೆ ಕನ್ನಡಕ ತೆಗೆದಿಟ್ಟು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಇಬ್ಬರನ್ನೂ ಬೈದರು. ಮೂರು ಮಾತ್ರೆಯನ್ನು ತೇಯ್ದ ಕೈಯಲ್ಲಿ ಮಗುವೊಂದಕ್ಕೆ ತುತ್ತು ಕೊಟ್ಟಿದ್ದರೆ ಏನು ಗತಿ ಎಂದು ಅಕ್ಕನನ್ನು ಕೇಳಿದಾಗ ಅವಳ ಮುಖ ಸಣ್ಣದಾಯಿತು.

“ಆದ್ರೂ ಬಾವು ಇಳಿದಿದ್ದು ಖರೆ ಮೇಡಂ” ಎಂದು ಮೆಲ್ಲಗೆ ಅಂದಳು.

“ಖರೆ” ಎಂದರು ಡಾಕ್ಟರು, ಕಾಲನ್ನು ಒತ್ತಿ ನೋಡುತ್ತ.

ನಾನು ಕೆಮ್ಮಿ, ನನ್ನ ಇಲಾಖೆಗಳ ಸಿದ್ಧಾಂತವನ್ನು ಮುಂದಿಟ್ಟೆ. ಊತಕ್ಕೂ ಈ ಔಷಧಿಗೂ ಸಂಬಂಧವಿಲ್ಲ ಎಂದು ಅಕ್ಕನಿಗೆ ತಾವೇ ತಿಳಿಸಿಹೇಳಬೇಕು ಎಂದೆ. ಡಾಕ್ಟರು ನನ್ನತ್ತ ನೋಡಿದ ರೀತಿಯಲ್ಲೇ ನನಗೆ ಏನೋ ಕೈತಪ್ಪುತ್ತಿದೆ ಅನ್ನಿಸಿತು.

“ಸಂಬಂಧ ಇಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳಬ್ಯಾಡ್ರಿ” ಅಂದರು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಈ ಔಷಧಿಗಳು ಹೋಗಿ ಕೂರುವ ಗೂಡುಗಳು ತಲೆಯಲ್ಲಿ ಮಾತ್ರ ಇಲ್ಲವಂತೆ; ಕೈಕಾಲಿನ ನರಗಳ ತುದಿಯಲ್ಲೂ ಇವೆಯಂತೆ. ಒಂದು ಜಾಗ ಬಾತುಕೊಂಡಾಗ ಅಲ್ಲಿಯ ಗೂಡುಗಳು ಇನ್ನಷ್ಟು ಚುರುಕಾಗುತ್ತವಂತೆ. ಔಷಧಿ ಅಲ್ಲಿ ಹಿಡಿದುಕೊಂಡರೆ, ನರದ ತುದಿಯಿಂದ ಸೋರಿ ಊತವನ್ನು ಹೆಚ್ಚಿಸುವ ರಸಗಳು ಕಡಿಮೆಯಾಗುವುದನ್ನು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರಂತೆ. ಇನ್ನೂ ಒಂದು ಹೇಳಿದರು: ಊತ ಬಂದಲ್ಲಿಗೆ ಓಡಿಬರುವ ಬಿಳಿ ರಕ್ತಕಣಗಳು ತಾವೇ ಅಫೀಮಿನಂಥ ಒಂದು ಪದಾರ್ಥವನ್ನು ಅಲ್ಲಿ ಬಿಡುತ್ತವೆ. ಮಾಯದ ಗಾಯಗಳಿಗೆ ಮಾರ್ಫಿನ್ನನ್ನು ಅಳತೆಯಿಟ್ಟು ಜೆಲ್ ಮಾಡಿ ಹಚ್ಚುವುದೂ ಕೆಲವು ಕಡೆ ಉಂಟು. ಆದರೆ ಮನುಷ್ಯರ ಕೀಲಿನ ಊತ ಇದರಿಂದ ಎಷ್ಟು ಇಳಿಯುತ್ತದೆ, ಯಾರಿಗೆ ಇಳಿಯುತ್ತದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಎಲ್ಲ ಸಲವೂ ಇಳಿಯುತ್ತದೆಂದೂ ಇಲ್ಲ.

ಇಪ್ಪತ್ತಾರು ವರ್ಷ ನಾನು ಊರೆಲ್ಲ ಸಾರಿದ ಮಾತು ಹೀಗೆ ಒಂದು ಸೋಮವಾರದ ಬೆಳಿಗ್ಗೆ ಅರ್ಧ ಸುಳ್ಳಾಯಿತು.

“ಹಂಗಾರ ನಮ್ಮಜ್ಜಿ ಸುಳ್ಳಲ್ಲ” ಅಂದಳು ಅಕ್ಕ. ಅಂದದ್ದು ಡಾಕ್ಟರಿಗೆ, ನೋಡಿದ್ದು ನನ್ನ ಕಡೆಗೆ.

“ಪೂರ್ತಿ ಸುಳ್ಳಲ್ಲಮ್ಮಾ, ಪೂರ್ತಿ ಖರೇನೂ ಅಲ್ಲ. ನಿಮ್ಮ ಈ ಮಾತ್ರಿ ಕಲ್ಲಿನ ಮ್ಯಾಲ ತೇಯ್ದು ಹಚ್ಚಿದ್ರ ಒಳಗ ಹೋಗೂದು ಕಷ್ಟ. ಒಂದು ಕೇಳ್ತೀನಿ, ಹಚ್ಚಿದ ಮ್ಯಾಲ ಏನ್ ಮಾಡ್ತಿದ್ರಿ?”

“ಏನ್ ಮಾಡಾಕ ಬರ್ತೈತ್ರಿ? ಒಣಗೂತನ ಕಾಲು ಅಲಗಸಬಾರ್ದು. ದಿಂಬಿನ ಮ್ಯಾಲ ಇಟ್ಕೊಂಡು ಕುಂದರತಿದ್ದೆ.”

“ಎಷ್ಟು ಹೊತ್ತು?”

“ಒಂದ್ ಒಂದೂವರಿ ತಾಸು. ಮೂರು ಹೊತ್ತು.”

“ರೊಟ್ಟಿ, ಎಮ್ಮಿ, ಹೊಲ?”

“ಇವರ ಮಾಡಾಕತ್ತಿದ್ರು” ಎಂದು ಅಕ್ಕ ಹೊರಗೆ ಬೆಂಚಿನ ಮೇಲಿದ್ದ ಮಾವನ ಕಡೆ ಗದ್ದ ತೋರಿದಳು. ಮಾವ ಮಧ್ಯಾಹ್ನ ಮಲಗುತ್ತಿದ್ದುದು ಯಾಕೆಂದು ನನಗೆ ಆಗ ಹೊಳೆಯಿತು.

ಡಾಕ್ಟರು ಪೆನ್ನು ಕೆಳಗಿಟ್ಟರು. “ನಾನು ಹೇಳಿದ್ದು ಇಷ್ಟ. ಕಾಲಿಗೆ ವಿಶ್ರಾಂತಿ ಕೊಡ್ರಿ ಅಂತ ಮೂರು ಸಲ ಹೇಳಿದ್ನಲ್ಲ.”

“ನೀವು ಹೇಳಿದ್ರಿ ಖರೆ. ಸುಮ್ಸುಮ್ನ ಹೆಂಗ ಕುಂದರಲಿ ಮೇಡಂ? ಮಂದಿ ಏನಂತಾರ?” ಅಂದಳು ಅಕ್ಕ.

ಅವಳ ಮಾತು ನನಗೆ ಅರ್ಥವಾಯಿತು, ಡಾಕ್ಟರಿಗೂ ಆಯಿತು ಎಂದು ಕಾಣುತ್ತದೆ. ನಮ್ಮ ಮನೆಯ ಹೆಂಗಸರಿಗೆ ಸುಮ್ಮನೆ ಕೂರುವ ಹಕ್ಕು ಯಾವತ್ತೂ ಇರಲಿಲ್ಲ. ಆದರೆ ಲೇಪ ಹಸಿ ಇರುವಷ್ಟು ಹೊತ್ತು ಅವರನ್ನು ಯಾರೂ ಕರೆಯುವಂತಿರಲಿಲ್ಲ. ಅತ್ತೆಯಾದವಳೂ ಕಾಯಬೇಕಿತ್ತು. ಅಜ್ಜಿ ಮೂರು ಹೊತ್ತು ಯಾಕೆ ಹಚ್ಚುತ್ತಿದ್ದಳೋ, ಒಣಗಲು ಅಷ್ಟು ತಡವಾಗುವಂತೆ ರಸವನ್ನು ಯಾಕೆ ಅಷ್ಟು ಹಿಂಡುತ್ತಿದ್ದಳೋ, ಈಗ ಕೇಳೋಣವೆಂದರೆ ಅವಳಿಲ್ಲ. ನಾನು ಮಾತ್ರ ಅವಳ ಬಗ್ಗೆ ಇನ್ನೊಮ್ಮೆ ಹಗುರವಾಗಿ ಮಾತಾಡಲಾರೆ.

ಮಾತ್ರೆ ನಿಲ್ಲಲಿಲ್ಲ. ದಿನಕ್ಕೆ ಎರಡರ ಬದಲು ಸಂಜೆ ಒಂದೇ, ನುಂಗುವುದು. ವಾರಕ್ಕೊಮ್ಮೆ ನಾನೇ ಒಯ್ದು ಕೊಡುವುದು. “ಲೇಪ ಹಚ್ಚೋದು ಬಿಡಬ್ಯಾಡ್ರಿ. ಬರೇ ಶುಂಠಿ, ಮಾತ್ರಿ ಬ್ಯಾಡ” ಎಂದು ಡಾಕ್ಟರು ಚೀಟಿಯ ಮೇಲೆ ಬರೆದೇಬಿಟ್ಟರು. ಇಪ್ಪತ್ತಾರು ವರ್ಷದಲ್ಲಿ ನಾನು ಓದಿದ ಚೀಟಿಗಳಲ್ಲಿ ಶುಂಠಿ ಬರೆದದ್ದು ಅದೊಂದೇ. ಮಾತ್ರೆಯಿಲ್ಲದ ಲೇಪ ಉಪ್ಪಿಲ್ಲದ ಸಾರು ಎಂದು ಅಕ್ಕ ಗೊಣಗಿದಳು, ಆದರೆ ಒಪ್ಪಿದಳು.

ಮೂರನೇ ದಿನ ಅವಳ ಫೋನು ಬಂತು. “ಲೇ, ನಿನ್ನ ಮಾತ್ರಿ ಹೊಟ್ಟಿ ಕಟ್ಟೇತಲ್ಲೋ!” ನನಗೆ ಎಷ್ಟು ಸಂತೋಷವಾಯಿತೆಂದರೆ ಕೌಂಟರಿನ ಎದುರು ನಿಂತವರು ಗಂಡುಮಗುವೇ ಎಂದು ಕೇಳಿದರು. ಹೊಟ್ಟೆ ಸಡಿಲಾಗುವ ಪುಡಿಯನ್ನು ಬಸ್ಸಿನಲ್ಲಿ ಕಳಿಸಿದೆ. ಆಮೇಲೆ ಅವಳೇ ಮೆಲ್ಲಗೆ, “ನಿದ್ದಿ ಚಲೋ ಬಂತು” ಅಂದಳು.

ಕುಬಸದ ದಿನ ಕುರುಗೋಡಿನಿಂದ ಕಾರು ಮಾಡಿಕೊಂಡು ಹೊರಟೆವು. ಸಿರಿಗೇರಿಯ ಹೊಲಗಳ ಹತ್ತಿರ ಬಂದಾಗ ಭತ್ತ ಹಸಿರಾಗಿ ನಿಂತಿತ್ತು. ಅಕ್ಕ ಕಾಲನ್ನು ನನ್ನ ಚೀಲದ ಮೇಲೆ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಅವಳಿಗೆ ಭಯವಾಗಿದೆ ಎಂದು ನನಗೆ ತಿಳಿಯಿತು. ನನಗೂ ಆಗಿತ್ತು.

ಸಿರುಗುಪ್ಪದ ಬೀಗರ ಮನೆಯ ಪಡಸಾಲೆಯಲ್ಲಿ ಮಣೆ ಹಾಕಿ ಮಗಳನ್ನು ಕೂರಿಸಿದ್ದರು. ಹಸಿರು ಸೀರೆ, ಮುಡಿ ತುಂಬ ಹೂ. ಬೀಗತಿ ಒಳ್ಳೆಯವರು, ಅಕ್ಕನ ಕಾಲಿನ ಸುದ್ದಿ ಕೇಳಿದ್ದರು. ತಾವೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮಣೆಯ ಎದುರಿಗಿಟ್ಟು, “ಇದರ ಮ್ಯಾಲ ಕುಂತು ತುಂಬ್ರಿ, ಏನಾಗೂದಿಲ್ಲ” ಅಂದರು. ಅಕ್ಕ ಕುರ್ಚಿಯನ್ನು ನೋಡಿದಳು. ಮಗಳು ಅವ್ವನನ್ನೇ ನೋಡುತ್ತಿದ್ದಳು.

ಅಕ್ಕ ಒಂದು ಕೈಯಲ್ಲಿ ಗೋಡೆ ಹಿಡಿದಳು. ಇನ್ನೊಂದು ಕೈಯಲ್ಲಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದಳು. ಮೊದಲು ಎಡಗಾಲು ಮಡಿಸಿ, ಆಮೇಲೆ ಬಲಗಾಲನ್ನು ಒಂದಿಷ್ಟು ಒಂದಿಷ್ಟೇ ಬಗ್ಗಿಸುತ್ತ ಇಳಿದಳು. ಅರ್ಧಕ್ಕೆ ನಿಂತಾಗ ನಾನು ಮುಂದೆ ಹೋದೆ. ಕಣ್ಣಿನಲ್ಲೇ ಬೇಡ ಅಂದಳು. ಮತ್ತೆ ಇಳಿದಳು, ಕುಳಿತಳು. ಬಲಗಾಲು ಪೂರ್ತಿ ಬಾಗಲಿಲ್ಲ, ಅರ್ಧ ಬಾಗಿತು. ಮಗಳು ಮಣೆಯ ಮೇಲೆಯೇ ಮುಂದಕ್ಕೆ ಸರಿದು ತನ್ನ ಮೊಣಕಾಲನ್ನು ಅವ್ವನ ಮೊಣಕಾಲಿಗೆ ತಾಗಿಸಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ವೀಳ್ಯದೆಲೆ ಒಂದೊಂದಾಗಿ ಅಕ್ಕನ ಕೈಯಿಂದ ಅವಳ ಉಡಿಗೆ ಹೋದವು. ಹೆಂಗಸರು ಹಾಡಿದರು. ಮಾವ ಬಾಗಿಲ ಮರೆಯಲ್ಲಿ ನಿಂತು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು. ನಾನಂತೂ ಒರೆಸಿಕೊಳ್ಳಲೂ ಇಲ್ಲ.

ಆರತಿಯಾಯಿತು. ಎಲ್ಲರೂ ಊಟಕ್ಕೆ ಎದ್ದರು. ಮಗಳನ್ನೂ ಒಳಗೆ ಕರೆದೊಯ್ದರು. ಪಡಸಾಲೆಯಲ್ಲಿ ಅಕ್ಕ ಒಬ್ಬಳೇ ಉಳಿದಳು. ನಾನು ಎಬ್ಬಿಸಲು ಕೈ ಚಾಚಿದೆ. ಅವಳು ಕೈ ಹಿಡಿಯಲಿಲ್ಲ.

“ತಡಿಯೋ, ಮಾತ್ರಿ ಮಾಸ್ತರ. ಇಷ್ಟು ಕಷ್ಟಪಟ್ಟು ಕುಂತೀನಿ, ಇನ್ನೊಂಚೂರು ಕುಂದರತೀನಿ” ಅಂದಳು. ಅವಳ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ಮೊದಲು ಕಂಡಿರಲಿಲ್ಲ.

ನಾನೂ ಎದುರಿಗೆ ನೆಲದ ಮೇಲೆ ಕುಳಿತೆ. ಅವಳ ಬಲಪಾದವನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದುಕೊಂಡೆ. ಅವಳು ಮೊದಲು ಎಳೆದುಕೊಳ್ಳಲು ನೋಡಿದಳು, ಆಮೇಲೆ ಬಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಬೀಗತಿ ಕೂಗಿದರು, ಎಲೆ ಹಾಕಿದ್ದೇವೆ, ಬೇಗ ಬರ್ರಿ ಎಂದು. ಅಕ್ಕ ಏಳಲು ಗೋಡೆಯ ಕಡೆ ಕೈ ಚಾಚಿದಳು.

ಅವಳ ಮೊಣಕಾಲಿಗೆ ಆವತ್ತು ಶುಂಠಿಯನ್ನೂ ಹಚ್ಚಿರಲಿಲ್ಲ.

“ಲೇಪ ಹಸಿ ಐತ್ರಿ” ಎಂದು ನಾನು ಕೂಗಿ ಹೇಳಿದೆ. “ಯಾರೂ ಕರೀಬ್ಯಾಡ್ರಿ.”